ತಿರುವಿ ಹಾಕದ ಕ್ಯಾಸೆಟ್

ಆ ದಿನ ನಾವು ಶಾವಿಗೆ ಮಾಡುತ್ತಿದ್ದೆವು. ಬೇಸಿಗೆಯಾದ್ದರಿಂದ ಕೆನಾಲಿನ ನೀರು ಬಂದ್ ಆಗಿತ್ತು, ತಮ್ಮನಿಗೆ ಗೇಟಿನ ಕೆಲಸವಿರಲಿಲ್ಲ. ನಾನು ರಂಗಂಪೇಟೆಯ ನನ್ನ ಮನೆಯ ಕೆಲಸ ಮುಗಿಸಿ ಸುರಪುರದ ತವರಿಗೆ ಬಂದಿದ್ದೆ. ನಡೆದು ಬರುವಷ್ಟೇ ದೂರ. ಎರಡು ದಿನ ಇದ್ದು ಶಾವಿಗೆ ಮುಗಿಸಿಕೊಟ್ಟು ಹೋಗುವುದೆಂದು ಮಾತಾಗಿತ್ತು.

ಹೊರಸಿನ ತುದಿಗೆ ಮಶೀನು ಬಿಗಿದಿದ್ದೆವು. ಅವ್ವ ಹಿಟ್ಟು ನಾದಿ ಉಂಡೆ ಕೊಡುತ್ತಿದ್ದಳು. ನಾನು ಎಳೆ ಹಿಡಿದು ಹಗ್ಗದ ಮೇಲೆ ಹಾಕುತ್ತಿದ್ದೆ. ತಮ್ಮ ಹಿಡಿಕೆ ತಿರುಗಿಸುತ್ತಿದ್ದ. ಮಶೀನು ಹಳೆಯದು, ತಿರುಗಿಸಿದಾಗಲೆಲ್ಲ ಯಾರೋ ಹಲ್ಲು ಕಡಿದಂತೆ ಕಿರುಗುಟ್ಟುತ್ತಿತ್ತು.

"ಎಣ್ಣಿ ಹಾಕಲೇನ ಅದಕ?" ಅಂದೆ.

"ಬ್ಯಾಡ ಅಕ್ಕಾ. ಎಣ್ಣಿ ಹಾಕಿದ್ರ ಆವಾಜ ಸತ್ತ ಹೋಗ್ತದ."

"ಕೇಳಿದೇನ ಇವನ ಮಾತ?" ಅಂದಳು ಅವ್ವ. "ನಾ ಹಿಟ್ಟ ನಾದಿ ನಾದಿ ಸಾಯಾಕತ್ತೀನಿ. ಇವಗ ಮಶೀನಿನ ಆವಾಜ ಸಾಯಬಾರದಂತ."

ತಮ್ಮ ನಕ್ಕ. ಆಮೇಲೆ ತನ್ನ ಸಣ್ಣ ರೆಕಾರ್ಡರ್ ತಂದು ಹೊರಸಿನ ಕೆಳಗಿಟ್ಟು, ನಮ್ಮಿಬ್ಬರಿಗೂ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. ಅದು ಅವನ ಕಾಯಂ ಸನ್ನೆ. ಸದ್ದು ತುಂಬಿಕೊಳ್ಳುವಾಗ ಯಾರೂ ಮಾತಾಡಬಾರದು, ಅವನೂ ಮಾತಾಡುವುದಿಲ್ಲ. ಒಂದು ಉಂಡೆ ಮುಗಿಯುವವರೆಗೆ ನಾವು ಮೂವರೂ ಕಳ್ಳರ ಹಾಗೆ ಸುಮ್ಮನೆ ಕೆಲಸ ಮಾಡಿದೆವು. ಅವ್ವನಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಳು.

ನಾನು ಹತ್ತನೆಯ ಕ್ಲಾಸಿನವರೆಗೆ ಓದಿದವಳು. ಮನೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಸಂಗೀತದ ಬಗ್ಗೆ ಬರೆಯುವಷ್ಟು ನನಗೆ ತಿಳಿಯದು. ತಮ್ಮ ಕೂಡಿಟ್ಟಿದ್ದ ಸಂಗೀತವಂತೂ ನಮ್ಮ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಆದರೂ ಅದು ಹೇಗೆ ಬಂತು ಎಂಬುದನ್ನು ಹೇಳದೆ ಮುಂದಿನದನ್ನು ಹೇಳಲಾಗುವುದಿಲ್ಲ.

ಅವನು ಹೈದರಾಬಾದಿನಲ್ಲಿ ಕೆಲವು ಕಾಲ ಫ್ಯಾಕ್ಟರಿ ಕೆಲಸ ಕಲಿಯುತ್ತಿದ್ದ. ರವಿವಾರ ರಸ್ತೆ ಬದಿಯಲ್ಲಿ ಹಳೆಯ ಪುಸ್ತಕ, ಹಳೆಯ ಕ್ಯಾಸೆಟ್ ಹರಡಿಕೊಂಡು ಕೂಡುವವರ ಹತ್ತಿರ ಒಂದು ಕ್ಯಾಸೆಟ್ ಕೊಂಡನಂತೆ. ಮೇಲೆ ಮಂಜಿನ ಬೆಟ್ಟದ ಚಿತ್ರವಿತ್ತು, ಇಂಗ್ಲಿಷ್ ಭಜನೆ ಇರಬಹುದು ಅಂದುಕೊಂಡಿದ್ದ. ಕೋಣೆಗೆ ಬಂದು ಹಾಕಿದರೆ ಹಾಡೂ ಇಲ್ಲ, ಮಾತೂ ಇಲ್ಲ. ಬಾವಿಯೊಳಗೆ ಗಾಳಿ ಹೊಕ್ಕಂಥ ಒಂದು ಗುಂಯ್ ಸದ್ದು ಮಾತ್ರ, ಮುಗಿಯುವವರೆಗೆ. ಕೆಟ್ಟುಹೋದ ಮಾಲು ಎಂದು ಮುಂದಿನ ರವಿವಾರ ತಿರುಗಿ ಕೊಡಲು ಹೋದ. ಆ ಹೊತ್ತಿಗೆ ವಾರವಿಡೀ ದಿನಾ ಕೇಳಿದ್ದ. ಅಂಗಡಿಯವನ ಎದುರು ನಿಂತ ಮೇಲೆ ಕೊಡಲು ಮನಸ್ಸಾಗಲಿಲ್ಲ. "ಇಂಥದ್ದು ಇನ್ನ ಅದಾವೇನು?" ಎಂದು ಕೇಳಿ ಬಂದನಂತೆ.

ಆ ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ ಒಂದು ವಿಳಾಸವಿತ್ತು. ನಿಘಂಟು ಹಿಡಿದುಕೊಂಡು ಕಾಗದ ಬರೆದ. ಉತ್ತರ ಬಂತು. ಯುರೋಪಿನಲ್ಲಿ, ಜಪಾನಿನಲ್ಲಿ ಹೀಗೆ ಸದ್ದು ಮಾಡುವವರು, ಅದನ್ನು ಮನೆಯಲ್ಲೇ ಕ್ಯಾಸೆಟ್ಟಿಗೆ ತುಂಬಿ ಒಬ್ಬರಿಗೊಬ್ಬರು ಟಪಾಲಿನಲ್ಲಿ ಕಳಿಸಿಕೊಳ್ಳುವವರು ಇದ್ದರು. ನೀನು ಒಂದು ಕಳಿಸು, ನಾನು ಒಂದು ಕಳಿಸುತ್ತೇನೆ ಎಂಬ ಲೆಕ್ಕ. ಇವನ ಹತ್ತಿರ ಕಳಿಸಲು ಏನಿತ್ತು? ಊರಿಗೆ ಬಂದು ಕೆನಾಲಿನ ಗೇಟು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ ಕೆನಾಲಿನ ಸದ್ದನ್ನೇ ಕಳಿಸಿದ. ಗೇಟಿನ ಸರಪಳಿ ಏರುವ ಸದ್ದು, ರಸ್ತೆಯ ಕೆಳಗಿನ ಸುರಂಗದಲ್ಲಿ ನೀರು ತುಂಬುವ ಸದ್ದು, ಜಲ್ಲಿ ಒಡೆಯುವ ಮಶೀನಿನ ಸದ್ದು. ನಮ್ಮ ಕಡೆ ಮಂದಿ ಕೆನಾಲಿನ ನೀರಿಗಾಗಿ ಜಗಳಾಡುತ್ತಿದ್ದರು. ಇವನೊಬ್ಬ ಅದರ ಆವಾಜಿಗೆ ಕಾಯುತ್ತಿದ್ದ.

ಅದಕ್ಕೆ ಬದಲಾಗಿ ಬಂದವನ್ನು ಸೋಡಾ ಬಾಟಲಿಯ ಕಟ್ಟಿಗೆ ಪೆಟ್ಟಿಗೆಗಳಲ್ಲಿ ಜೋಡಿಸಿಡುತ್ತಿದ್ದ. ಮೂರು ಥರ ಇವೆ ಎಂದು ಒಮ್ಮೆ ನನಗೆ ತಿಳಿಸಿ ಹೇಳಿದ್ದ. ಡಾರ್ಕ್ ಆಂಬಿಯೆಂಟ್ ಅಂದರೆ ಹಾಡಿಲ್ಲದ್ದು. "ಅದರಾಗ ಹಾಡ ಇರಂಗಿಲ್ಲ ಅಕ್ಕಾ, ಜಾಗಾ ಇರ್ತದ. ಕಣ್ಣ ಮುಚ್ಚಿದ್ರ ಆ ಜಾಗದಾಗ ಹೋಗಿ ನಿಂತಂಗ." ಇಂಡಸ್ಟ್ರಿಯಲ್ ಅಂದರೆ ಕಬ್ಬಿಣ, ಮೋಟಾರು, ಬಡಿತ. ನಿಯೋಫೋಕ್ ಅಂದರೆ ಗಿಟಾರು, ಮೆಲ್ಲಗಿನ ನಗಾರಿ, ಸತ್ತವರ ಬಗ್ಗೆಯೂ ಚಳಿಯ ಬಗ್ಗೆಯೂ ದಪ್ಪ ದನಿಯ ಹಾಡು.

"ನಮ್ಮ ತತ್ವಪದ ಇದ್ದಂಗ ಅಂತೀಯೇನ?" ಅಂದಿದ್ದೆ.

"ಹೌದು ಅಂದ್ರ ಹೌದು. ಖರೇ ಇವರಿಗೆ ತಾಳ ಬಡಿಯೋ ಮಂದಿ ಇಲ್ಲ. ಒಬ್ಬೊಬ್ಬರೇ ಕುಂತು ಹಾಡ್ತಾರ ಪಾಪ."

ಶಾವಿಗೆಯ ದಿನ ಸಂಜೆ ಅವನು ಹಗ್ಗದ ಮೇಲಿನ ಶಾವಿಗೆಗೆ ಅಳಿಲು ಬರದಂತೆ ಕಾವಲು ಕೂತ. ಚಹಾ ಎರಡು ಸಲ ಬೇಕೆಂದ. ಅವ್ವ ಬೈದು ಮಾಡಿಕೊಟ್ಟಳು. ನಾನು ಅಲ್ಲೇ ಉಳಿದೆ. ಇಷ್ಟೇ.

ಮರುದಿನ ಮಧ್ಯಾಹ್ನ ನಾನು ನೆರೆಮನೆಗೆ ಮೊರ ತರಲು ಹೋಗಿದ್ದೆ. ತಮ್ಮ ಪಡಸಾಲೆಯ ಗೋಡೆಗೆ ಒರಗಿ ಕೂತು ವಾಕ್‌ಮನ್ ಹಚ್ಚಿಕೊಂಡಿದ್ದ. ಕಣ್ಣು ಮುಚ್ಚಿತ್ತು. ಅವನು ಹಾಗೆ ಕೂತಾಗ ಮನೆಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಮಾತಾಡಿಸಿದರೂ ಕೇಳುತ್ತಿರಲಿಲ್ಲ. ಅವ್ವ "ಉಣ್ಣಾಕ ಏಳಪ್ಪಾ" ಅಂದಳಂತೆ. ಏಳಲಿಲ್ಲ. ಎಂದಿನಂತೆ ಗಂಗಾಳದ ಮೇಲೆ ಗಂಗಾಳ ಮುಚ್ಚಿ ಪಕ್ಕದಲ್ಲಿಟ್ಟು ಅಕ್ಕಿ ಆರಿಸುತ್ತ ಕೂತಳು.

ಕ್ಯಾಸೆಟ್ಟಿನ ಒಂದು ಸೈಡ್ ಮುಗಿದಾಗ ವಾಕ್‌ಮನ್ನಿನ ಗುಂಡಿ ತಾನಾಗಿಯೇ ಟಕ್ ಎಂದು ಮೇಲೆ ಬರುತ್ತದೆ. ಟಕ್ ಎಂದ ಕೂಡಲೇ ಅವನು ಕಣ್ಣು ತೆರೆಯದೆಯೇ ಕ್ಯಾಸೆಟ್ ತೆಗೆದು ತಿರುವಿ ಹಾಕುತ್ತಿದ್ದ. ಇಷ್ಟು ವರ್ಷ ಅವನ ಸಂಗೀತದ ಒಂದು ಚೂರೂ ಕಿವಿಗೆ ಹಾಕಿಕೊಳ್ಳದ ಅವ್ವನಿಗೆ ಇದೊಂದು ಗೊತ್ತಿತ್ತು. ಅವತ್ತು ಟಕ್ ಅಂತು. ಅವ್ವ ಅಕ್ಕಿ ಆರಿಸುತ್ತಲೇ ಇದ್ದಳು. ತಿರುವಿ ಹಾಕುವ ಸದ್ದು ಬರಲಿಲ್ಲ. ತಲೆ ಎತ್ತಿ ನೋಡಿದಳು.

ಅವಳು ಕೂಗಲಿಲ್ಲ. ನಾನು ಮೊರ ಹಿಡಿದು ಒಳಗೆ ಬಂದಾಗ ಅವನ ಎರಡೂ ಕಿವಿಯ ಮೇಲಿನದನ್ನು ತೆಗೆದು ಕೈಯಲ್ಲಿ ಹಿಡಿದಿದ್ದಳು. ನನ್ನ ಕಡೆ ತಿರುಗಿ, "ಇವ ತಿರುವಿ ಹಾಕವಲ್ಲ ನೋಡು" ಅಂದಳು. ಕೈ ಮುಟ್ಟಿ ನೋಡಿದೆ. ಬಿಸಿಲಿಗೋ ಏನೋ ಇನ್ನೂ ಬೆಚ್ಚಗಿತ್ತು. ದವಾಖಾನೆಯಲ್ಲಿ ಹೃದಯ ನಿಂತಿದೆ ಅಂದರು. ಅವನಿಗೆ ಮೂವತ್ತು ತುಂಬಿ ಬಹಳ ಆಗಿರಲಿಲ್ಲ. ಒಂದು ದಿನವೂ ಎದೆನೋವು ಅಂದವನಲ್ಲ.

ಆ ಸಂಜೆಯಿಂದ ಮಣ್ಣು ಕೊಡುವವರೆಗಿನದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಹಗ್ಗದ ಮೇಲಿದ್ದ ಶಾವಿಗೆ. ಬಂದ ಮಂದಿಗೆ ದಾರಿಯಾಗಲೆಂದು ಯಾರೋ ಅದನ್ನು ಹಗ್ಗದ ಸಮೇತ ಮುದ್ದೆ ಮಾಡಿ ಮೂಲೆಗೆ ಹಾಕಿದ್ದರು. ನಾನು ಅದನ್ನೇ ನೋಡುತ್ತ ಕೂತಿದ್ದೆ. ಅಳು ಬರಲಿಲ್ಲ. ಯಾರೋ ಕಪಾಳಕ್ಕೆ ಹೊಡೆದು ಓಡಿಹೋದರೆ ಮೊದಲು ಬರುವ ಒಂದು ಬೆರಗು ಇರುತ್ತದಲ್ಲ, ಅದರಲ್ಲೇ ಇದ್ದೆ. ಅದು ಬಹಳ ದಿನ ಹೋಗಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲಿ ಕುಳ್ಳಿರಿಸಿ ಮಣ್ಣು ಕೊಡುತ್ತೇವೆ. ಮೂರನೆಯ ದಿನ ಗುಂಡಿಯ ಮೇಲೆ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಸೇರುತ್ತಿದ್ದುದನ್ನೆಲ್ಲ ಎಡೆ ಇಟ್ಟು, ದೂರ ಕೂತು ಕಾಗೆಗೆ ಕಾಯುತ್ತೇವೆ. ಕಾಗೆ ಮುಟ್ಟಿದರೆ ಸತ್ತವರಿಗೆ ಸಮಾಧಾನವಾಯಿತು ಎಂದು ಅರ್ಥ. ಮುಟ್ಟದಿದ್ದರೆ ಯಾವುದೋ ಆಸೆ ಉಳಿದಿದೆ. ಆಗ ಹತ್ತಿರದವರು ಒಬ್ಬೊಬ್ಬರಾಗಿ ಗಟ್ಟಿಯಾಗಿ ಮಾತು ಕೊಡಬೇಕು. ನಿನ್ನ ಮಕ್ಕಳನ್ನು ನೋಡಿಕೊಳ್ಳುತ್ತೇನೆ, ನಿನ್ನ ಹೊಲ ಮಾರುವುದಿಲ್ಲ, ಹೀಗೆ. ಸರಿಯಾದ ಮಾತು ಬಂದಾಗ ಕಾಗೆ ಇಳಿಯುತ್ತದೆ. ಕೊಟ್ಟ ಮಾತನ್ನು ನಡೆಸಲೇಬೇಕು.

ಎಡೆಗೆ ಹೋಳಿಗೆ, ರೊಟ್ಟಿ, ಬದನೆಕಾಯಿ ಪಲ್ಯ, ಸ್ಟೀಲಿನ ಗ್ಲಾಸಿನಲ್ಲಿ ಚಹಾ ಇಟ್ಟೆವು. ನಮ್ಮಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು, ಅವನ ತಮ್ಮನಾದ ಕಾಕಾನೇ ಎಲ್ಲ ಮುಂದೆ ನಿಂತು ಮಾಡುತ್ತಿದ್ದ. ಅವನು ಬುಟ್ಟಿಯೊಳಗಿಂದ ಮನೆಯ ದೊಡ್ಡ ಟೇಪ್ ತೆಗೆದು ಎಡೆಯ ಪಕ್ಕ ಇಟ್ಟ. ಹೊಸ ಸೆಲ್ ಸಿಗಲಿಲ್ಲವೆಂದು ಬ್ಯಾಟರಿ ದೀಪದೊಳಗಿನ ಹಳೆಯ ಸೆಲ್ ಹಾಕಿ ತಂದಿದ್ದ.

"ಅದ್ಯಾಕ ಕಾಕಾ?" ಅಂದೆ.

"ಅವಗ ಹೋಳಿಗಿ ಎಲ್ಲಿ ಸೇರ್ತಿತ್ತವ್ವಾ? ಸೇರತಿದ್ದದ್ದು ಇದು. ಕಡೀಕ ಅವ ಕೇಳಾಕತ್ತಿದ್ದ ಕ್ಯಾಸೆಟ್ಟೇ ಹಾಕೀನಿ ನೋಡು. ಅದು ಮುಗದ ಹೋಗಿತ್ತು, ತಿರುವಿ ಹಾಕೀನಿ."

ಅವನು ಮಾಡಿದ್ದು ಪ್ರೀತಿಯಿಂದ. ಟೇಪಿನ ಗುಂಡಿ ಒತ್ತಿದ.

ಮೊದಲು ಏನೂ ಬರಲಿಲ್ಲ. ಆಮೇಲೆ ನೆಲದೊಳಗಿಂದ ಬಂದಂತೆ ಒಂದು ಗುಡುಗು ಶುರುವಾಯಿತು, ನಿಲ್ಲಲೇ ಇಲ್ಲ. ಅದರ ಮೇಲೆ ಉದ್ದನೆಯ ಕಬ್ಬಿಣವನ್ನು ಕಲ್ಲಿನ ಮೇಲೆ ಎಳೆದ ಸದ್ದು. ಆಮೇಲೆ ಬಹಳ ಮಂದಿ ಒಟ್ಟಿಗೆ ಉಸಿರಾಡಿದಂತೆ. ಮಣ್ಣು ಕೊಟ್ಟ ಜಾಗದಿಂದ ಆ ಉಸಿರು ಬರುತ್ತಿತ್ತು. ರಾಮಸಮುದ್ರದಿಂದ ಬಂದಿದ್ದ ಸೋದರತ್ತೆ ಎದ್ದು ಹತ್ತು ಮಾರು ಹಿಂದೆ ಹೋಗಿ ಕೂತಳು. ಜಾಲಿ ಗಿಡದ ಮೇಲಿದ್ದ ಕಾಗೆಗಳೆಲ್ಲ ಒಮ್ಮೆಲೇ ಎದ್ದು ಕೆನಾಲಿನ ಆಚೆ ಹೋದವು.

"ಬಂದ್ ಮಾಡ್ರಿ ಅದನ್ನ," ಅಂದಳು ಸೋದರತ್ತೆ. "ಕಾಗಿ ಬರೂದು ಹ್ಯಾಂಗ, ಮನಷ್ಯಾರ ಓಡಿ ಹೋಗಾಕತ್ತಾರ."

"ಇರ್ಲಿ ಬಿಡು," ಅಂದ ಕಾಕಾ. "ನಿನಗ ಸೇರಲಿ ಅಂತ ಇಟ್ಟಿಲ್ಲ. ಅವಂದು ಅವಗ."

ಬಿಸಿಲು ಏರಿತು. ಕಾಗೆಗಳು ದೂರದಲ್ಲೇ ಸುತ್ತಿದವು. ಇನ್ನು ಮಾತು ಕೊಡಬೇಕೆಂದು ಕಾಕಾ ಎದ್ದು ನಿಂತ. "ನಿಮ್ಮವ್ವನ್ನ ನಾ ನೋಡ್ಕೋತೀನಪ್ಪಾ, ಚಿಂತಿ ಮಾಡಬ್ಯಾಡ" ಅಂದ. ಕಾಗೆ ಬರಲಿಲ್ಲ. ಅವ್ವ ಕೂತಲ್ಲಿಂದಲೇ, "ನಾ ಅಳಾಂಗಿಲ್ಲ, ಹೋಗಪ್ಪಾ" ಅಂದಳು. ಬರಲಿಲ್ಲ. ಸೋದರತ್ತೆ ಕೂತಲ್ಲಿಂದ, "ಲಗ್ನದ ಆಸಿ ಇರಬೇಕು ಹುಡುಗಗ. ಲಗ್ನ ಮಾಡ್ತೀವಿ ಅನ್ರಿ" ಅಂದಳು.

"ಮಾಡ್ತೀವಿ ಅಂತ ಮಾತ ಕೊಟ್ಟು ಹೆಣ್ಣ ಎಲ್ಲಿ ನೋಡಾಕ ಹೋಗ್ತೀ? ನಿಮ್ಮ ರಾಮಸಮುದ್ರದಾಗೇನ?" ಅಂದ ಕಾಕಾ. ಅಷ್ಟು ದುಃಖದಲ್ಲೂ ಒಂದಿಬ್ಬರು ಸೆರಗಿನಲ್ಲಿ ನಕ್ಕರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ಆ ಹೊತ್ತಿಗೆ ಟೇಪಿನ ಸೆಲ್ ಇಳಿಯುತ್ತಿತ್ತು. ಉಸಿರಿನ ಸದ್ದು ಎಳೆದೆಳೆದು ನಿಧಾನವಾಗಿ ದನ ನರಳಿದಂತೆ ಆಗುತ್ತಿತ್ತು. ಅದನ್ನು ಕೇಳುತ್ತ ನನಗೇ ಗೊತ್ತಿಲ್ಲದೆ ಎದ್ದು ನಿಂತು ಅಂದೆ: "ನಿನ್ನ ಕ್ಯಾಸೆಟ್ ಒಂದೂ ಹೊರಗ ಹೋಗಗೊಡಂಗಿಲ್ಲ. ಎಲ್ಲಾ ನನ್ನ ಮನ್ಯಾಗ ಇಟ್ಕೋತೀನಿ. ಒಂದೂ ಬಿಡದಂಗ ಎಲ್ಲಾ ಕೇಳ್ತೀನಿ."

ಟೇಪ್ ನಿಂತಿತು. ಒಂದು ಕಾಗೆ ಬಂದು ಗುಂಡಿಯ ಮಣ್ಣಿನ ಮೇಲೆ ಇಳಿಯಿತು, ಆಚೀಚೆ ನೋಡಿ ಹೋಳಿಗೆಗೆ ಬಾಯಿ ಹಾಕಿತು.

"ಸೆಲ್ ಮುಗದ್ವು, ಅದಕ ಬಂತು" ಅಂದ ಕಾಕಾ.

"ಮಾತ ಕೊಟ್ಟಾಳ, ಅದಕ ಬಂದದ" ಅಂದಳು ಅವ್ವ.

ಕಾಗೆ ಮುಟ್ಟಿದ ಮೇಲೆ ಅಲ್ಲಿ ನಿಲ್ಲಬಾರದು. ಎಡೆಗೆ ಇಟ್ಟಿದ್ದನ್ನು ಮನೆಗೆ ತರಬಾರದು, ತಿರುಗಿ ನೋಡಬಾರದು. ನಾವು ಯಾರೂ ತಿರುಗಿ ನೋಡದೆ ಕೆನಾಲಿನ ದಂಡೆ ಹಿಡಿದು ಮನೆಗೆ ಬಂದೆವು. ಮಾತು ಕೊಟ್ಟ ಸಮಾಧಾನದಲ್ಲಿ ನಾನು ಬೇರೇನನ್ನೂ ಯೋಚಿಸಲಿಲ್ಲ.

ಮರುದಿನ ಬೆಳಿಗ್ಗೆ ಪಡಸಾಲೆ ಗುಡಿಸುವಾಗ ಅವನು ಕೂತಿದ್ದ ಜಾಗದಲ್ಲಿ ಒಂದು ಖಾಲಿ ಕ್ಯಾಸೆಟ್ ಡಬ್ಬಿ ಸಿಕ್ಕಿತು. ಕಪ್ಪು ಕಾಗದ, ಅದರ ಮೇಲೆ ಎಲೆಯಿಲ್ಲದ ಒಂದು ಗಿಡ, ಒಂದು ಕಲ್ಲಿನ ಗೋಡೆ. ಅಕ್ಷರವೇ ಇರಲಿಲ್ಲ. ಒಳಗೆ ಕ್ಯಾಸೆಟ್ ಎಲ್ಲಿ ಎಂದು ಹುಡುಕಿದೆ. ಹುಡುಕುತ್ತಿರುವಾಗಲೇ ನೆನಪಾಯಿತು. ಒಂದೂ ಬಿಡುವುದಿಲ್ಲ ಎಂದು ಹೇಳಿದ ಗಳಿಗೆಯಲ್ಲೇ ಒಂದನ್ನು ಬಿಟ್ಟು ಬಂದಿದ್ದೆವು. ಅದೂ ಯಾವುದನ್ನು? ಅವನ ಕಿವಿಯಲ್ಲಿ ಕೊನೆಗೆ ಇದ್ದುದನ್ನು. ಹೊಲದಲ್ಲಿ ನಾವು ಕೇಳಿದ್ದು ಕಾಕಾ ತಿರುವಿ ಹಾಕಿದ್ದ ಇನ್ನೊಂದು ಸೈಡ್. ತಮ್ಮ ಕೇಳುತ್ತ ಹೋದ ಸೈಡನ್ನು ಅವನ ಹೊರತು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ನಮ್ಮ ಮನೆಯವರನ್ನು ಕರೆದುಕೊಂಡು ಹೊಲಕ್ಕೆ ಓಡಿದೆ. ಟೇಪ್ ಇರಲಿಲ್ಲ. ಚಹಾದ ಗ್ಲಾಸೂ ಇರಲಿಲ್ಲ. ಎಲೆಯನ್ನು ನಾಯಿಗಳು ಎಳೆದಾಡಿದ್ದವು. ಪಕ್ಕದ ಹೊಲದಲ್ಲಿ ಕುರಿ ಬಿಟ್ಟುಕೊಂಡಿದ್ದ ಮುದುಕ ನಮ್ಮನ್ನೇ ನೋಡುತ್ತಿದ್ದ.

"ಯಾರರ ಒಯ್ದದ್ದು ನೋಡೀರೇನ್ರಿ ಅಜ್ಜಾರ?" ಅಂದೆ.

"ಎಡಿಗೆ ಇಟ್ಟದ್ದು ಒಯ್ದವರನ್ನ ಕೇಳಬಾರದವ್ವಾ" ಅಂದ ಮುದುಕ. "ಅದು ಕಳವಲ್ಲ."

ಅವನ ಮಾತು ಖರೆಯೇ. ಎಡೆಗೆ ಇಟ್ಟದ್ದು ಸತ್ತವರ ಸೊತ್ತು, ಕಾಗೆ ಮುಟ್ಟಿದ ಮೇಲೆ ಸಿಕ್ಕವರ ಸೊತ್ತು. ಕಂಪ್ಲೇಂಟ್ ಕೊಡಲೂ ಬರುವುದಿಲ್ಲ. ಕಾಕಾನಿಗೆ ವಿಷಯ ಗೊತ್ತಾದಾಗ ಅವನು ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತ. "ನಾ ಒಳ್ಳೇದು ಮಾಡಾಕ ಹೋದೆನವ್ವಾ" ಅಂದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲೂ ಒಂದಿಷ್ಟು ಎಚ್ಚರ ಬೇಕು.

ಕಾಕಾ ಅಂದಿನಿಂದ ಹೋದ ಹೋದಲ್ಲಿ ಹುಡುಕಿದ. ಬಳಿಚಕ್ರದಲ್ಲಿ ಯಾವನ ಹತ್ತಿರವೋ ಅಂಥ ಟೇಪ್ ಇದೆ ಎಂದು ಕೇಳಿ ಹೋಗಿ ಬಂದ, ಅದು ಬೇರೆ ಇತ್ತು. ಶಹಾಪುರದ ಸಂತೆಯಲ್ಲಿ ಹಳೆಯ ರೇಡಿಯೊ, ಟೇಪ್ ಇಟ್ಟುಕೊಂಡು ಕೂಡುವವನ ಮುಂದೆ ನಾವಿಬ್ಬರೂ ಒಂದು ಮುಂಜಾನೆಯಿಡೀ ನಿಂತೆವು. ನಮ್ಮ ಮನೆಯ ಟೇಪ್ ಅಲ್ಲೇ ಇತ್ತು. ಹಿಡಿಕೆಗೆ ಅವ್ವ ಕಟ್ಟಿದ್ದ ಹಸಿರು ದಾರದಿಂದ ಗುರುತು ಹಿಡಿದೆ. ಮುಚ್ಚಳ ತೆಗೆದರೆ ಒಳಗೆ ಖಾಲಿ.

"ಇದರೊಳಗ ಒಂದ್ ಕ್ಯಾಸೆಟ್ ಇತ್ತಲ್ರಿ?" ಅಂದ ಕಾಕಾ.

"ಇತ್ರೀ. ಹಾಕಿ ನೋಡ್ದೆ. ಕೆಟ್ಟಿತ್ತು. ಬರೇ ಗುರ್ ಅಂತಿತ್ತು. ಖಾಲಿ ಕ್ಯಾಸೆಟ್ ಜೋಡಿ ಸೇರಿಸಿ ಯಾದಗಿರಿಗೆ ಕೊಟ್ಟೆ."

"ಯಾದಗಿರಿಯಾಗ ಯಾರಿಗ್ರಿ?"

"ಟೇಶನ್ ಹಂತೇಕ ಹಾಡು ತುಂಬಿ ಕೊಡ್ತಾರಲ್ರಿ, ಅವರಿಗೆ."

ಯಾದಗಿರಿಗೆ ನಾನು ಒಬ್ಬಳೇ ಬಸ್ಸಿನಲ್ಲಿ ಹೋದೆ. ಅಂಗಡಿಯ ತುಂಬ ಗೋಡೆಗೆ ಹತ್ತಿಸಿದಂತೆ ಕ್ಯಾಸೆಟ್. ಒಳಗಿದ್ದವರು ನನ್ನ ವಯಸ್ಸಿನವರು, ಸಭ್ಯಸ್ಥರು. ಖಾಲಿ ಡಬ್ಬಿಯನ್ನು ಮುಂದಿಟ್ಟು ಎಲ್ಲ ಹೇಳಿದೆ. ಕುರ್ಚಿ ಕೊಟ್ಟು ನೀರು ಕೊಟ್ಟರು.

"ಅಕ್ಕಾರ, ಸುಳ್ಳ ಹೇಳಂಗಿಲ್ಲ ನಿಮಗ," ಅಂದರು. "ಹಳಿ ಕ್ಯಾಸೆಟ್ ಬಂದ್ರ ಅದರ ಮ್ಯಾಲ ಭಜನಿ, ಪುರಾಣ ತುಂಬಿ ಕೊಟ್ಟುಬಿಡ್ತೀವಿ. ಮೊದಲ ಏನಿತ್ತು ಅಂತ ಯಾರ ಕೇಳ್ತಾರ್ರಿ?"

"ಮ್ಯಾಲ ತುಂಬಿದ್ರ ಕೆಳಗಿಂದು ಉಳಿತದೇನ್ರಿ?"

"ಇಲ್ರಿ. ಅಳಿಸಿ ಹೋಗ್ತದ."

"ಪೂರಾ?"

"ಪೂರಾ, ಅಕ್ಕಾರ."

ಅವರ ಹತ್ತಿರ ಇನ್ನೂ ತುಂಬದೆ ಉಳಿದಿದ್ದ ಹಳೆಯ ಕ್ಯಾಸೆಟ್ಟುಗಳ ರಟ್ಟಿನ ಡಬ್ಬವಿತ್ತು. ಒಂದೊಂದಾಗಿ ಹಾಕಿ ಕೇಳಲು ಬಿಟ್ಟರು. ಸಿನಿಮಾ ಹಾಡು, ಯಾರದೋ ಮದುವೆಯ ಬ್ಯಾಂಡು, ಒಬ್ಬ ಮಾಸ್ತರರ ಪಾಠ. ಗುಡುಗೂ ಉಸಿರೂ ಎಲ್ಲಿಯೂ ಇರಲಿಲ್ಲ. ಯಾವ ಊರಿನ ಯಾವ ಮನೆಯಲ್ಲಿ ಯಾರು ಅದರ ಮೇಲೆ ತುಂಬಿದ ಭಜನೆ ಕೇಳುತ್ತಿದ್ದಾರೋ. ಅಥವಾ ಇನ್ನೂ ತುಂಬದೆ ಯಾರ ಗೂಡಿನಲ್ಲಿ ಬಿದ್ದಿದೆಯೋ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ಎಲ್ಲೆಲ್ಲೂ ಭತ್ತ ಕೊಯ್ದ ಒಣ ಗದ್ದೆ. ಕಣ್ಣು ನೋಡುತ್ತಿತ್ತು, ತಲೆಗೆ ಏನೂ ಹೋಗುತ್ತಿರಲಿಲ್ಲ.

ಉಳಿದವನ್ನು ಕೇಳಬೇಕಲ್ಲ. ಕಟ್ಟಿಗೆ ಪೆಟ್ಟಿಗೆಗಳನ್ನು ಬಂಡಿಯಲ್ಲಿ ರಂಗಂಪೇಟೆಗೆ ತಂದೆ. ಅವನ ವಾಕ್‌ಮನ್ ಹಚ್ಚಿಕೊಂಡು ಮಧ್ಯಾಹ್ನ ಹೊಲಿಗೆ ಮಶೀನಿಗೆ ಕೂತೆ. ಮೊದಲನೆಯ ವಾರ ಬಹಳ ಹೆದರಿದೆ. ಬಹಳ ಹೊತ್ತು ಏನೂ ಇರುವುದಿಲ್ಲ, ಕಿವಿ ಸೋತು ಮೈ ಸಡಿಲಾಗಿರುತ್ತದೆ, ಆಗ ಒಮ್ಮೆಲೇ ಕಬ್ಬಿಣದ ಬಾಗಿಲು ಬಡಿದಂತೆ ಅಪ್ಪಳಿಸುತ್ತದೆ. ಒಂದು ಸಲ ಹಾಗೆ ಬೆಚ್ಚಿ ಬ್ಲೌಸಿನ ತೋಳನ್ನು ತೋಳಿಗೇ ಸೇರಿಸಿ ಹೊಲಿದುಬಿಟ್ಟೆ. ಎದುರು ಕೂತಿದ್ದ ಗಿರಾಕಿ ಹೆಣ್ಣುಮಗಳು, "ಏನ್ ಕೇಳಾಕತ್ತೀರಿ ಅಕ್ಕಾರ, ಪ್ರವಚನ ಏನ್ರಿ?" ಅಂದಳು.

"ಹೌದ್ರಿ, ಪ್ರವಚನ" ಅಂದೆ.

"ಯಾರದ್ರಿ?"

"ಭಾಳ ದೂರದವರದು."

ದಿನ ಹೋದಂತೆ ಹೆದರಿಕೆ ಕಡಿಮೆಯಾಯಿತು, ಹೋಗಲಿಲ್ಲ. ಕೆಲವು ನನಗೆ ಇಂದಿಗೂ ಅರ್ಥವಾಗಿಲ್ಲ, ಮಾತು ಕೊಟ್ಟದ್ದಕ್ಕೆ ಕೇಳಿದೆ ಅಷ್ಟೆ. ಒಬ್ಬ ಜಪಾನಿನವನದು ಪೂರಾ ಗರಗಸದ ಸದ್ದು, ಹಲ್ಲು ಜುಂ ಅನ್ನುತ್ತದೆ. ಆದರೆ ಜಾಗ ಇರುತ್ತದೆ ಎಂದು ತಮ್ಮ ಹೇಳಿದ್ದು ಒಂದು ದಿನ ನನಗೂ ಕಂಡಿತು. ಒಂದು ಕ್ಯಾಸೆಟ್ಟಿನಲ್ಲಿ ದೊಡ್ಡ ಖಾಲಿ ಕೋಣೆ ಇತ್ತು, ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು, ದೂರದಲ್ಲಿ ಯಾರೋ ಹೆಂಗಸು ಪದವಿಲ್ಲದೆ ಹಾಡುತ್ತಿದ್ದಳು. ಅದು ಮುಗಿದು ಟಕ್ ಎಂದಾಗ ನಾನು ಎಲ್ಲಿ ಕೂತಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿರುವಿ ಹಾಕಿದೆ.

ಅವನು ತಾನೇ ತುಂಬಿದ ಕ್ಯಾಸೆಟ್ಟುಗಳೂ ಅದರಲ್ಲಿದ್ದವು. ಗೇಟು, ಸುರಂಗ, ನಮ್ಮ ಶಾವಿಗೆ ಮಶೀನು. ಅವನ ದನಿ ಎಲ್ಲಾದರೂ ಸಿಗಬಹುದೆಂದು ಕಿವಿಗೆ ಒತ್ತಿಕೊಂಡು ಕೇಳಿದೆ. ಬಾಯಿಯ ಮೇಲೆ ಬೆರಳಿಡುತ್ತಿದ್ದ ಮನುಷ್ಯನ ದನಿ ಎಲ್ಲಿಂದ ಸಿಗಬೇಕು? ಒಂದು ಕೆಮ್ಮೂ ಇರಲಿಲ್ಲ.

ಮಳೆಗಾಲ ಬಂದು ಕೆನಾಲಿಗೆ ನೀರು ಬಿಟ್ಟ ಮೇಲೆ ಒಂದು ದಿನ ಪೋಸ್ಟ್‌ಮನ್ ತವರುಮನೆಯ ಬಾಗಿಲಲ್ಲಿ ನಿಂತಿದ್ದ. ನಾನು ಅಲ್ಲೇ ಇದ್ದೆ. ಕೈಯಲ್ಲಿ ಪರದೇಶದ ದಪ್ಪ ಲಕೋಟೆ. ಮೇಲೆ ತಮ್ಮನ ಹೆಸರು.

"ಏನ್ ಮಾಡಬೇಕ್ರಿ ಅಕ್ಕೋರ?" ಅಂದ. ಅವನಿಗೆ ವಿಷಯ ಗೊತ್ತಿತ್ತು, ಮಣ್ಣಿಗೂ ಬಂದಿದ್ದ. "ವಾಪಸ್ ಕಳಸಬೇಕಂದ್ರ ಸತ್ತಾನ ಅಂತ ಬರೀಬೇಕಾಗ್ತದ. ನನ್ನ ಕೈಲೆ ಆಗವಲ್ದು."

ನಾನು ಸಹಿ ಮಾಡಿ ಇಸಿದುಕೊಂಡೆ. ಕಳಿಸಿದವನಿಗೆ ಗೊತ್ತಿರಲಿಲ್ಲ, ಪಾಪ. ಅವ್ವ ಒಳಗಿನಿಂದ ಬಂದು ನೋಡಿದಳು.

"ಮತ್ತ ಒಂದ್ ಬಂತೇನ? ಇದನ್ನೂ ಕೇಳಬೇಕೇನ ನೀ?"

"ಎಲ್ಲಾ ಅಂದೀನಲ್ಲವ್ವಾ."

ತವರಿನಲ್ಲಿ ಈಗ ಕಾಕಾ ಶಹಾಪುರದಿಂದ ಬಿಡಿಸಿ ತಂದಿದ್ದ ನಮ್ಮ ಹಳೆಯ ಟೇಪ್ ಮತ್ತೆ ಗೂಡಿನಲ್ಲಿತ್ತು. ಎಡೆಗೆ ಇಟ್ಟದ್ದು ಮನೆಗೆ ಬರಬಾರದು, ಆದರೆ ಬೇರೆಯವರ ಕೈಯಿಂದ ಕೊಂಡು ತಂದರೆ ಪರವಾಗಿಲ್ಲ ಎಂದು ಅವನೇ ಶಾಸ್ತ್ರ ಹೇಳಿದ್ದ. ಅದರಲ್ಲೇ ಹಾಕಿದೆ. ಮೊದಲು ಗಿಟಾರು, ನಗಾರಿ, ದಪ್ಪ ದನಿಯ ಹಾಡು. ಆಮೇಲೆ ಹಾಡಿನ ಹಿಂದೆ ಮೆಲ್ಲಗೆ ಒಂದು ಸರಪಳಿ ಏರತೊಡಗಿತು. ನಮ್ಮ ಗೇಟು. ತಮ್ಮ ಕಳಿಸಿದ್ದನ್ನು ಆ ಪರದೇಶದವನು ತನ್ನ ಹಾಡಿನ ಕೆಳಗೆ ಹಾಕಿಕೊಂಡಿದ್ದ. ಹಾಡು ನಿಂತಿತು, ಸರಪಳಿಯೊಂದೇ ಉಳಿಯಿತು, ಅದೂ ನಿಂತಿತು. ಕೊನೆಯಲ್ಲಿ ಕತ್ತರಿಸುವುದನ್ನು ತಮ್ಮ ಮರೆತಿದ್ದನೋ, ತನಗೆ ಅರ್ಥವಾಗದ ಭಾಷೆಯ ದನಿಯೂ ಒಂದು ಸದ್ದೇ ಎಂದು ಆ ಮನುಷ್ಯ ಹಾಗೆಯೇ ಬಿಟ್ಟನೋ, ಗೊತ್ತಿಲ್ಲ.

"ಸಾಕು. ಚಲೋ ಬಂತು" ಎಂದು ತಮ್ಮ ಹೇಳಿದ.

ಅವ್ವನ ಕೈಯಲ್ಲಿದ್ದ ತಂಬಿಗೆ ಬಿತ್ತು. ನೀರು ಪಡಸಾಲೆಯಿಡೀ ಹರಿಯಿತು. ಯಾರೂ ಎತ್ತಲಿಲ್ಲ.

"ಎಲ್ಲಿಂದ ಮಾತಾಡ್ಯಾನ?" ಅಂದಳು ಅವ್ವ.

ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಹಾಕಿದೆ. ಮತ್ತೆ ಹೇಳಿದ. ಅವ್ವ ನೆಲದ ಮೇಲೆ ಕೂತು ಟೇಪಿನ ಜಾಳಿಗೆಗೆ ಕಿವಿ ಹಚ್ಚಿದಳು. ಮಣ್ಣಿನ ದಿನ ಅಳದಿದ್ದವಳು ಆಗ ಅತ್ತಳು. ಅಳುತ್ತ ಅಳುತ್ತ, "ಏನ್ ಚಲೋ ಬಂತಪ್ಪಾ, ಏನ್ ಚಲೋ ಬಂತು" ಎಂದು ಬೈದಳು. ಈಗಲೂ ದಿನಕ್ಕೊಮ್ಮೆ ಆ ಕ್ಯಾಸೆಟ್ ಹಾಕಿಸಿಕೊಳ್ಳುತ್ತಾಳೆ. ಮೊದಲಿನ ಹಾಡೂ ಅವಳಿಗೆ ಬಾಯಿಗೆ ಬಂದಿದೆ, ಅರ್ಥವಿಲ್ಲದೆ ಗುನುಗುತ್ತಾಳೆ.

ಆ ಮನುಷ್ಯನಿಗೆ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರಿಂದ ಕಾಗದ ಬರೆಸಿದೆ. ತಮ್ಮ ಹೋದದ್ದನ್ನು ತಿಳಿಸಿ, ಕಪ್ಪು ಡಬ್ಬಿಯ ಚಿತ್ರವನ್ನು ಪೆನ್ಸಿಲಿನಿಂದ ತೆಗೆದು, ಇದು ಯಾರದು, ಇನ್ನೊಂದು ಪ್ರತಿ ಸಿಗುತ್ತದೆಯೇ ಎಂದು ಕೇಳಿದೆ. ಉತ್ತರ ಬಂತು. ಬಹಳ ನೊಂದು ಬರೆದಿದ್ದ. ಆ ಗಿಡ, ಆ ಗೋಡೆ ತಾನು ಎಂದೂ ನೋಡಿಲ್ಲ ಅಂದ. ಇಂಥವನ್ನು ಎಷ್ಟೋ ಜನ ಹೆಸರು ಹಾಕದೆ ಮನೆಯಲ್ಲೇ ಮಾಡಿ ಒಬ್ಬಿಬ್ಬರಿಗೆ ಕೊಟ್ಟುಬಿಡುತ್ತಾರಂತೆ. ಗೊತ್ತಿರುವವರನ್ನೆಲ್ಲ ಕೇಳಿ ನೋಡುತ್ತೇನೆ ಎಂದು ಬರೆದ. ಆಮೇಲೆ ಇನ್ನೊಂದು ಸಲ ಬರೆದ, ಯಾರಿಗೂ ತಿಳಿದಿಲ್ಲ ಎಂದು.

ಮೊನ್ನೆ ಕೊನೆಯ ಪೆಟ್ಟಿಗೆಯ ಕೊನೆಯ ಕ್ಯಾಸೆಟ್ ಕೇಳಿ ಮುಗಿಸಿದೆ. ಎರಡೂ ಸೈಡ್. ಅವ್ವನಿಗೆ ಹೇಳಿದಾಗ, "ಅಂದ್ರ ಕೊಟ್ಟ ಮಾತ ಮುಗೀತೇನ?" ಎಂದು ಕೇಳಿದಳು. ನಾನು ಇಲ್ಲ ಅಂದೆ. ಅವಳಿಗೂ ಗೊತ್ತಿತ್ತು, ಸುಮ್ಮನೆ ಕೇಳಿದ್ದಳು.

ಆ ಕಪ್ಪು ಡಬ್ಬಿಯ ಕ್ಯಾಸೆಟ್ ಇನ್ನೂ ಸಿಕ್ಕಿಲ್ಲ. ಅವನು ಹೋಗುವಾಗ ಏನು ಕೇಳುತ್ತಿದ್ದ ಎಂಬುದು ನನಗೆ ಗೊತ್ತಿಲ್ಲ.